ಮೂರು ಸಲ ಕೇಳಬೇಕು

"ಹಲೋ… ಹಲೋ, ಯಾರು ಮಾತಾಡ್ತಿರೋದು?… ಹಾಂ? ಯಾರು?… ಅಕ್ಕಾ! ನೀನಾ? ದನಿ ಗುರುತೇ ಸಿಗಲಿಲ್ಲ ನೋಡು. ಗಂಟಲು ಕಟ್ಟಿದ್ಯಾ?"

"… ಇಲ್ಲ ಇಲ್ಲ, ಕೆಲಸದಲ್ಲೇ ಇದ್ದೆ. ಅಡುಗೆಯವರು ಓಡಿ ಬಂದು ಕರೆದ್ರು. ಹೇಳು. ಲೈನು ಬಂದು ಬಂದು ಹೋಗ್ತಿದೆ, ಕಟ್ ಆದ್ರೆ ಗಾಬರಿ ಆಗಬೇಡ."

ಇಡೀ ಕಣಿವೆಗೆ ಇದ್ದದ್ದು ಅದೊಂದೇ ಫೋನು. ಅದೂ ಊಟದ ಮನೆಯ ಗೋಡೆಗೆ, ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ಆಂಟೆನಾ ಹೊರಗೆ ಬೋಗುಣಿಯ ಹಾಗೆ ಬಾಯಿ ತೆರೆದು ಕೂತಿತ್ತು, ಅದರ ಸುತ್ತ ಮೊಬೈಲು ನಿಷೇಧ. ಒಂದು ಮೊಬೈಲು ಪಿಸುಗುಟ್ಟಿದರೂ ಸಾಕು, ನಕ್ಷತ್ರಗಳ ಸದ್ದು ಮುಳುಗಿಹೋಗುತ್ತದೆ. ಹೀಗಾಗಿ ಬ್ರಹ್ಮಾಂಡಕ್ಕೇ ಕಿವಿಗೊಟ್ಟು ಕೂತ ಮಂದಿ ಹೆಂಡತಿ ಮಕ್ಕಳ ದನಿ ಕೇಳಬೇಕೆಂದರೆ ಎಂಜಲು ತಟ್ಟೆಗಳ ನಡುವೆ ಸರದಿ ನಿಲ್ಲಬೇಕಿತ್ತು.

"… ಹೂಂ… ಹೂಂ… ಡಾಕ್ಟರು ಹಾಗಂದ್ರಾ? ದೊಡ್ಡ ಡಾಕ್ಟರೇನಾ?… ಮತ್ತೆ ಆ ಇನ್ನೊಬ್ರು?… ಅವರೂ ಅದೇನಾ. ಅಂದ್ರೆ ಎದೆ ಏಳೋದು ಇಳಿಯೋದು ಎಲ್ಲ ಮಷೀನಿಂದು. ಅಪ್ಪಂದು ಏನೂ ಇಲ್ಲ. ಅಲ್ವಾ?… ಅಳಬೇಡಕ್ಕಾ… ಅಳು, ಪರವಾಗಿಲ್ಲ, ಅಳು."

"… ನಾನಾ? ನಂಗೇನೂ ಆಗ್ತಿಲ್ಲ. ನಿಜವಾಗ್ಲೂ. ಕಾಲು ಜೋಮು ಹಿಡಿಯತ್ತಲ್ಲ, ಹಾಗೆ. ಚಿವುಟಿದ್ರೂ ಗೊತ್ತಾಗ್ತಿಲ್ಲ. ಗೋಡೆ ಮೇಲೆ 'ಊಟ ಬಿಸಾಡಬೇಡಿ' ಅಂತ ಬರೆದಿದ್ದಾರೆ. ಅದನ್ನೇ ಓದ್ತಾ ನಿಂತಿದ್ದೀನಿ."

"… ಸಹಿ? ಮಷೀನು ತೆಗೆಯೋಕೆ ನಂದೂ ಬೇಕಾ?… ನಿಂದೊಂದೇ ಸಾಕಾ? ಮತ್ತೆ ನನ್ನನ್ಯಾಕೆ… ಸರಿ ಸರಿ, ಗೊತ್ತಾಯ್ತು. ನಾನು ಹೂಂ ಅನ್ನದೆ ನೀನು ಹಾಕಲ್ಲ."

"… ಅಯ್ಯೋ, ಬರಲ್ಲ ಅಂತ ಯಾರಂದ್ರು? ಬೆಟ್ಟದ ದಾರಿ ಕುಸಿದು ಬಿದ್ದಿದೆ ಅಕ್ಕಾ. ಮಣ್ಣು ತೆಗೆಯೋದು ನಾಳೆ ಸಂಜೆಗಂತೆ. ನೀನು ಕಾಯ್ತೀಯ, ಗೊತ್ತು. ಆದ್ರೆ ಅಪ್ಪನ್ನ ಯಾಕೆ ಕಾಯಿಸೋದು? ಏನಂದಿದ್ರು ಅಪ್ಪ? 'ಜೀವಮಾನ ಎಲ್ಲ ವಯರಲ್ಲೇ ಕಳೆದಿದ್ದೀನಿ, ಕೊನೆಗೆ ನನ್ನನ್ನೂ ವಯರಿಗೆ ಕಟ್ಟಿ ಮಲಗಿಸಬೇಡಿ' ಅಂದಿದ್ರಲ್ವಾ? ನಿನ್ನ ಮುಂದೇನೇ ಅಂದಿದ್ದು."

ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಬೋರ್ಡಿನ ತೂತುಗಳಿಗೆ ವಯರು ಚುಚ್ಚಿ ಊರೂರಿನ ಮಾತನ್ನು ಜೋಡಿಸುತ್ತಿದ್ದ ಕಾಲ ಅದು. ನಡುವೆ ಮಾತು ನಿಂತಿತೆಂದು ತಟಕ್ಕನೆ ವಯರು ಎಳೆದುಬಿಡುವ ಹಾಗಿರಲಿಲ್ಲ. 'ಲೈನಲ್ಲಿದ್ದೀರಾ?' ಎಂದು ಮೂರು ಸಲ ಕೇಳಬೇಕು. ಮೂರಕ್ಕೂ ಉತ್ತರವಿಲ್ಲದಿದ್ದರೆ ಮಾತ್ರ ಎಳೆಯಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣವೂ ಅಷ್ಟೇ. ಅಮ್ಮ ಇದ್ದಾಗ ಮುನಿಸಿಕೊಂಡು ಮಾತು ಬಿಟ್ಟರೆ, ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು 'ಲೈನಲ್ಲಿದ್ದೀರಾ?' ಎಂದು ಬಹುವಚನದಲ್ಲಿ ಕೇಳುವರು. ಮೂರನೆಯ ಸಲಕ್ಕೆ ಅಮ್ಮ ನಗು ತಡೆಯಲಾರದೆ ಸೋಲುವಳು.

"… ಪೇಪರಲ್ಲಿ ಬಂದಿದ್ದಾ? ಹಾಂ, ಅದೇ ಗ್ರಹ. ಭಾವ ಓದಿ ಹೇಳಿದ್ರಾ?… ಹೌದು, ಹೊಸದಾಗಿ ಸಿಕ್ಕಿದ್ದು. ಬೇರೆ ಯಾವುದೋ ಸೂರ್ಯನ್ನ ಸುತ್ತೋದು. ಮೋಡ ಇದೆಯಂತೆ, ನೀರಾವಿ ಇದೆಯಂತೆ. ಅದಕ್ಕೇ ನಾವೆಲ್ಲ ಆ ಕಡೆ ಕಿವಿ ತಿರುಗಿಸಿರೋದು, ಅಲ್ಲಿ ಯಾರಾದ್ರೂ ಏನಾದ್ರೂ ಅಂತಾರಾ ಅಂತ… ಇಲ್ಲ. ಯಾರೂ ಏನೂ ಅಂದಿಲ್ಲ."

"… ಬೆಳಗ್ಗೆ ಒಂದು ಕಥೆ ಆಯ್ತು. ಕೇಳ್ತೀಯಾ? ಈ ಹೊತ್ತಲ್ಲಿ ಅಂತ… ಸರಿ, ಹೇಳ್ತೀನಿ, ನೀನೂ ಸ್ವಲ್ಪ ಉಸಿರು ಬಿಡು. ಕೂತ್ಕೋ, ಕುರ್ಚಿ ಇದ್ಯಾ ಅಲ್ಲಿ?"

"… ಪರದೆ ಮೇಲೆ ಒಂದು ಗೆರೆ ಎದ್ತು. ಪಿಕ್, ಪಿಕ್ ಅಂತ. ಸುಮ್ಮನಾಗೋದು, ಮತ್ತೆ ಪಿಕ್. ಯಾರೋ ಬಾಗಿಲು ತಟ್ಟಿ ತಟ್ಟಿ ನಿಲ್ಲಿಸ್ತಾರಲ್ಲ, ಹಾಗೆ. ನಮ್ಮ ಮುಖ್ಯಸ್ಥರು, ಆ ಗಡ್ಡದವರು, ಕುರ್ಚಿ ಹತ್ತಿ ನಿಂತ್ಬಿಟ್ರು. ಇನ್ನೊಬ್ರು ಅತ್ತೇ ಬಿಟ್ರು. ಇಷ್ಟು ದೊಡ್ಡ ಆಕಾಶದಲ್ಲಿ ನಾವೊಬ್ರೇ ಅಲ್ಲ ಅಂತ… ಹೂಂ. ಆಮೇಲೆ ಪದ್ಧತಿ ಪ್ರಕಾರ ಆಂಟೆನಾನ ಬೇರೆ ಕಡೆ ತಿರುಗಿಸಿದ್ರು. ಗ್ರಹದಿಂದ ಬಂದಿದ್ದಾದ್ರೆ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಎತ್ತ ತಿರುಗಿಸಿದ್ರೂ ಅದೇ ಪಿಕ್ ಪಿಕ್."

"… ನನ್ನ ಫೋನು ಅಕ್ಕಾ. ನನ್ನ ಚೀಲದಲ್ಲಿತ್ತು. ನೀನು ಯಾವಾಗ ಮಾಡ್ತೀಯೋ ಅಂತ ಆಫ್ ಮಾಡದೇ ಇಟ್ಕೊಂಡಿದ್ದೆ. ಇಲ್ಲಿ ಟವರೇ ಇಲ್ಲ, ಗೊತ್ತು. ಆದ್ರೂ ಇಟ್ಕೊಂಡಿದ್ದೆ. ಅದು ಪಾಪ, ಟವರ್ ಹುಡುಕ್ತಾ ಕೂಗ್ತಾನೇ ಇತ್ತು… ನಗು, ನಗು. ಇಲ್ಲೂ ಎಲ್ಲರೂ ನಕ್ರು. ಗಡ್ಡದವರು ಮಾತ್ರ ನಗಲಿಲ್ಲ. ಬೈತಾರೆ ಅಂದ್ಕೊಂಡೆ. ಮನೇಲಿ ಯಾರಿಗೆ ಹುಷಾರಿಲ್ಲ ಅಂತ ಕೇಳಿದ್ರು."

ಅಕ್ಕ ಅತ್ತ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಒಂದೇ ಥರ ಕೇಳಿಸುತ್ತಿತ್ತು. ತಮ್ಮನಿಗೆ ಎರಡೂ ಬರಲಿಲ್ಲ. ಈ ಕಥೆ ಕೇಳಿದ್ದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಂಬುದಷ್ಟೇ ಗೊತ್ತಿತ್ತು. ಪ್ರತಿ ವಾರ ಫೋನಿನಲ್ಲಿ ಅವರು ಮೊದಲು ಕೇಳುತ್ತಿದ್ದದ್ದೇ 'ಏನಪ್ಪಾ, ಮೇಲೆ ಯಾರಾದ್ರೂ ಎತ್ತಿದ್ರಾ?' ಎಂದು. ಇಲ್ಲ ಎಂದರೆ ಬೇಜಾರಿಲ್ಲ. 'ಎತ್ತಲಿಲ್ಲ ಅಂದ್ರೆ ಮನೇಲಿಲ್ಲ ಅಂತಲ್ಲ ಕಣೋ. ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿರಬಹುದು. ಕೈ ಒರೆಸ್ಕೊಂಡು ಬರೋಕೆ ಹೊತ್ತು ಬೇಕಲ್ಲ. ನಾವೇನು ಮಹಾ, ದೊಡ್ಡ ಬೋರ್ಡಲ್ಲಿ ಒಂದು ತೂತು. ನಮ್ಮ ಸರದಿ ಬರಲಿ.'

"… ಹಾಂ? ಇದ್ದೀನಿ, ಇದ್ದೀನಿ… ಡಾಕ್ಟರು ಬಂದ್ರಾ? ಅಲ್ಲೇ ನಿಂತಿದ್ದಾರಾ?… ಹೂಂ. ಹೂಂ ಅಂದೆನಲ್ಲಕ್ಕಾ. ಹಾಕು ಸಹಿ."

ಸಂತೆಗೆ ಹೊರಟವರು ಸೊಪ್ಪು ತರಲೇ ಎಂದರೆ ತಾ ಎನ್ನುವ ಹಾಗೆ ಬಂತು ಆ ಮಾತು. ತನ್ನ ಬಾಯಿಂದಲೇ ಬಂದದ್ದೇ ಎಂದು ಅವನಿಗೇ ಅನುಮಾನ.

"… ಏ, ಇಡಬೇಡ, ಇಡಬೇಡ! ಫೋನು ಅಪ್ಪನ ಕಿವಿ ಹತ್ರ ಹಿಡೀತೀಯಾ?… ಕೇಳಿಸಲ್ಲ, ಗೊತ್ತು. ಅವರು ಮಾತಾಡಲ್ಲ, ಅದೂ ಗೊತ್ತು. ಮಾತಾಡದೇ ಇರೋರಿಗೆ ಕಿವಿ ಕೊಟ್ಟು ಕೂರೋದೇ ಅಲ್ವಾ ನನ್ನ ಕೆಲಸ?… ಬಲಗಿವಿ. ಎಡಗಿವಿ ಆ ಹೆಡ್‌ಫೋನ್ ಹಾಕಿ ಹಾಕಿ ಯಾವತ್ತೋ ಹೋಗಿತ್ತಲ್ಲ… ಹಿಡಿದ್ಯಾ?"

ಬುಸ್ ಎಂದು ಗಾಳಿ ಒಳಗೆ ಹೋಗುವ ಸದ್ದು. ಬುಸ್ ಎಂದು ಹೊರಗೆ ಬರುವ ಸದ್ದು. ಮಷೀನು ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

"ಅಪ್ಪಾ… ನಾನು… ಯಾರೂ ಎತ್ತಲಿಲ್ಲ ಅಪ್ಪಾ. ಬಟ್ಟೆ ಒಣಗಿಸ್ತಿದ್ದಾರೆ ಅನ್ಸತ್ತೆ… ಬೆಳಗ್ಗೆ ಒಂದು ಕರೆ ಬಂತು, ರಾಂಗ್ ನಂಬರು. ಅಕ್ಕ ಹೇಳ್ತಾಳೆ ನಿಮಗೆ…"



"… ಲೈನಲ್ಲಿದ್ದೀರಾ?"

ಬುಸ್. ಬುಸ್. ತೊಟ್ಟಿಯ ಹತ್ತಿರ ಅಡುಗೆಯವರು ತಟ್ಟೆ ತೊಳೆಯುವುದನ್ನು ನಿಲ್ಲಿಸಿ, ನಲ್ಲಿ ತಿರುಗಿಸಿ, ಆಚೆ ಹೋದರು.

"… ಅಪ್ಪಾ. ಲೈನಲ್ಲಿದ್ದೀರಾ?"

ಕಾಯುವುದು ಅವನಿಗೆ ಹೊಸದಲ್ಲ. ಕಾದ. ಮೂರನೆಯದು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಅದನ್ನೂ ಕೇಳಿಬಿಟ್ಟರೆ ಮುಗಿಯಿತು, ವಯರು ಎಳೆಯಲೇಬೇಕು. ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚುತ್ತದಲ್ಲ, ಹಾಗೆ ಎದೆಯ ತುಂಬ ಒಮ್ಮೆಲೇ ಚುಚ್ಚತೊಡಗಿತು. ಗೋಡೆಯ ಮೇಲಿನ ಅಕ್ಷರ ಈಗ ಓದಲಾಗಲಿಲ್ಲ.

"ಅಕ್ಕಾ… ಅಕ್ಕಾ, ಫೋನು ತಗೋ. ನನ್ನ ಕೈಲಾಗಲ್ಲಕ್ಕಾ. ನಾಳೆ ಸಂಜೆ ತನಕ… ಇಲ್ಲ, ಬೇಡ. ಕಾಯಿಸಬೇಡ ಅಪ್ಪನ್ನ. ಎರಡು ಸಲ ಕೇಳಿದ್ದೀನಿ. ಮೂರನೇದು ನೀನು ಕೇಳು. ನೀನೇ ಕೇಳು, ಆಮೇಲೆ ಸಹಿ ಹಾಕು. ಕೇಳ್ತೀಯಾ?… ಕೇಳ್ತೀಯ ಅಲ್ವಾ?… ಅಕ್ಕಾ?"

ಬುಸ್ ಎಂಬ ಸದ್ದು ನಿಂತಿತ್ತು. ಅದರ ಹಿಂದಿದ್ದ ಲೈನಿನ ಗುಂಯ್ ಎಂಬ ಸದ್ದೂ ಇರಲಿಲ್ಲ. ರಿಸೀವರು ಬರೀ ಮರದ ತುಂಡಿನಂತಿತ್ತು.

"ಹಲೋ?… ಅಕ್ಕಾ?… ಹಲೋ, ಲೈನಲ್ಲಿದ್ದೀರಾ?"