ಭವ್ಯ ಬಾರದ ಶನಿವಾರ

ಭವ್ಯಂಗೆ ಬಸ್ಸು ತಪ್ಪಿರುತ್ತೆ ಅಷ್ಟೇ ಸಿಸ್ಟರ್... ಶಿವನಿಯಿಂದ ತರೀಕೆರೆಗೆ ಬರೋದು ಅಂದ್ರೆ ಸುಮ್ನೇನಾ? ಅಜ್ಜಂಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡೀಬೇಕು. ಫೋನಾ? ಬೆಳಗ್ಗೆಯಿಂದ ಸ್ವಿಚ್ ಆಫ್. ಚಾರ್ಜ್ ಇರಲ್ವೇನೋ ಪಾಪ... ಯಾಕೆ ಹಂಗೆ ನೋಡ್ತೀರಾ?

ರಿಪೋರ್ಟಲ್ಲಿ ಎಲ್ಲಾ ಬರ್ದಿದೀನಲ್ಲ! ಭವ್ಯ, ಇಪ್ಪತ್ತಾರು ವರ್ಷ. ಏಳು ತಿಂಗಳಿಗೆ ಮಗು ಹೊಟ್ಟೇಲೇ ಹೋಯ್ತು. ಆಮೇಲೆ ನಿದ್ದೆ ಇಲ್ಲ, ಊಟ ಇಲ್ಲ. ನಾಲ್ಕು ಶನಿವಾರ ಬಂದಿದಾರೆ, ಇದೇ ಚರ್ಚಿನ ರೂಮಿಗೆ. ಹೋದ ವಾರ ಎಷ್ಟು ಸಮಾಧಾನವಾಗಿದ್ರು ಗೊತ್ತಾ? ನಕ್ರು ಸಿಸ್ಟರ್! ಹೂ ಮುಡ್ಕೊಂಡು ಬಂದಿದ್ರು. ನನ್ನ ಮೊದಲನೇ ಕ್ಲೈಂಟು, ಹುಷಾರಾಗ್ತಿದಾರೆ ಅಂತ ನಾನು...

ಹೂಂ, ಕ್ಲಾಸಲ್ಲಿ ನೀವೇ ಹೇಳಿದ್ರಿ. ಇದ್ದಕ್ಕಿದ್ದಂಗೆ ಸಮಾಧಾನ ಆದ್ರೆ ಇನ್ನೂ ಎಚ್ಚರವಾಗಿರಿ ಅಂತ. ಕೌನ್ಸೆಲಿಂಗ್ ಎಮ್ಮೆಸ್ಸಿ ಎರಡನೇ ವರ್ಷ, ಅಷ್ಟೂ ಗೊತ್ತಿಲ್ವಾ ನಂಗೆ?

ರಿಪೋರ್ಟಲ್ಲಿ ಅಪಾಯ ಇದೆಯಾ ಅನ್ನೋ ಕಾಲಂ ಖಾಲಿ ಬಿಟ್ಟಿಲ್ವಲ್ಲ. ಪ್ರಾಣಕ್ಕೆ ಅಪಾಯ ಇಲ್ಲ ಅಂತ ಬರ್ದಿದೀನಿ. ಕೊನೇಲಿ ಪ್ರಾರ್ಥನೆ ಮಾಡಿದ್ವಿ ಅಂತಾನೂ ಬರ್ದಿದೀನಿ. ಅವರೇ ಕೇಳಿದ್ದು!... ಅಲ್ಲ. ಅವರು ಕೇಳ್ಲಿಲ್ಲ. ನಾನೇ ಮಾಡೋಣ ಅಂದೆ.

ತಪ್ಪಾಯ್ತು ಸಿಸ್ಟರ್. ಬೈದ್ಬಿಡಿ. ಹೋಗೋವಾಗ ಭವ್ಯ ಏನಾದ್ರೂ ಅಂದ್ರಾ ಅಂತಾನಾ?...

ಅಂದ್ರು ಸಿಸ್ಟರ್. "ಅಕ್ಕ, ಮುಂದಿನ ವಾರದೊಳಗೆ ಎಲ್ಲಾ ಮುಗಿದೋಗುತ್ತೆ ಬಿಡಿ" ಅಂದ್ರು. ಏನು ಮುಗಿಯುತ್ತೆ ಅಂತ ಕೇಳ್ಬೇಕಿತ್ತು. ಬಾಯಿವರೆಗೂ ಬಂತು. ಸಾಯ್ತೀನಿ ಅಂದ್ಬಿಟ್ರೆ ನಾನೇನು ಮಾಡ್ಲಿ?... ಅದಕ್ಕೇ ಪ್ರಾರ್ಥನೆ. ದೇವರನ್ನ ಅಡ್ಡ ಇಟ್ಕೊಂಡೆ. ಕಣ್ಣು ಮುಚ್ಚಿ ಏನೇನೋ ಹೇಳ್ದೆ. ಕಣ್ಣು ತೆಗೆದ್ರೆ ಅವರು ನನ್ನೇ ನೋಡ್ತಾ ಕೂತಿದ್ರು. ಅವರು ಅಂದ ಆ ಮಾತನ್ನ ಬರೀಲಿಲ್ಲ. ಯಾರಿಗೂ ಹೇಳ್ಲಿಲ್ಲ...

ಗಂಡನ ನಂಬರಾ? ಇದೆ, ಫಾರಮ್ಮಲ್ಲಿದೆ... ನಾನೇ ಮಾಡ್ತೀನಿ.

ಹಲೋ, ಹೇಮಂತ್ ಅವ್ರಾ? ತರೀಕೆರೆ ಚರ್ಚಿಂದ, ವಿದ್ಯಾಶ್ರೀ, ಕೌನ್ಸೆಲಿಂಗಿನವಳು. ಭವ್ಯ ಎಲ್ಲಿ?... ಬಾಗ್ಲು ಹಾಕ್ಕೊಂಡಿದಾರಾ? ಎಷ್ಟೊತ್ತಾಯ್ತು? ಬಡೀರಿ, ಜೋರಾಗಿ ಬಡೀರಿ! ತೆಗೀದಿದ್ರೆ ಒಡೀರಿ!... ಸಿಸ್ಟರ್, ಕೈ ಹಿಡ್ಕೊಳ್ಳಿ... ತೆಗೆದ್ರಾ? ದೇವರೇ... ಒಬ್ಬರನ್ನೇ ಬಿಡ್ಬೇಡಿ ಹೇಮಂತ್, ನಾವೀಗ್ಲೇ ಹೊರಡ್ತೀವಿ. ಫೋನು ಕೊಡಿ ಅವ್ರಿಗೆ.

ಭವ್ಯಾ? ನಾನು. ಅವತ್ತು ಏನು ಮುಗಿಯುತ್ತೆ ಅಂದ್ರಿ? ನಂಗೆ ಹೆದರಿಕೆಯಾಗಿ ಕೇಳ್ಲಿಲ್ಲ... ಸಾಯ್ಬೇಕು ಅನ್ನಿಸ್ತಿದೆಯಾ?

ಹೂಂ ಅಂದ್ರಲ್ಲ, ಕೇಳಿಸ್ತು.

ಅಳಿ, ಪರವಾಗಿಲ್ಲ. ಹೇಳಿ... ಕೇಳ್ತಿದೀನಿ.