ಅವಳ ಮೊಳೆಗೆ ತೂಗಿದ್ದ ಬಿಲ್ಲೆ

ನಮ್ಮ ದೊಡ್ಡಮ್ಮನ ಮಗಳು ಕತ್ತಲಾದ ಮೇಲೆ ಬಾವಿ ಪಕ್ಕದ ದಾರಿ ಹಿಡಿಯುವುದಿಲ್ಲ. ಯಾರದೋ ಕೊಡ ಕಲ್ಲಿಗೆ ತಾಗಿ ‘ಠಣ್’ ಎಂದರೆ ಸಾಕು... ನಿಂತುಬಿಡುತ್ತಾಳೆ. ಹೆದರಿ ಅಲ್ಲ. ಸಿಟ್ಟಿಗೆ ಮೈಯೆಲ್ಲ ಉರಿದು.

ಮುಳುಗಿದ ಯುದ್ಧಹಡಗೊಂದನ್ನು ನೋಡಲು ಬರುವವರನ್ನು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದಡಿಗೆ ಕರೆದೊಯ್ಯುವುದು ಅವಳ ಕೆಲಸವಾಗಿತ್ತು. ದೋಣಿಯಲ್ಲೊಂದು ಮೊಳೆ ಹೊಡೆದ ಹಲಗೆ. ನೀರಿಗಿಳಿಯುವವರು ತಮ್ಮ ನಂಬರಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಮೊಳೆಗೆ ಹಾಕಬೇಕು, ಬಂದ ಮೇಲೆ ಅವರೇ ಕೈಯಾರೆ ತೆಗೆಯಬೇಕು. ಹಲಗೆ ಬರಿದಾಗದೆ ದೋಣಿ ಹೊರಡುವ ಹಾಗಿಲ್ಲ.

ಆವತ್ತು ಎಲ್ಲರೂ ಮೇಲೆ ಬಂದಾಗಿತ್ತು. ಒಬ್ಬ ಗಿರಾಕಿ ಹಡಗಿನೊಳಗೆ ಕ್ಯಾಮೆರಾ ಬೀಳಿಸಿಕೊಂಡಿದ್ದ.

“ಐದೇ ನಿಮಿಷ, ತಂದುಬಿಡಮ್ಮ” ಎಂದ ದೋಣಿಯ ಯಜಮಾನ.

ಅವಳು ತನ್ನ ಬಿಲ್ಲೆಯನ್ನು ಮತ್ತೆ ತನ್ನ ಮೊಳೆಗೆ ಹಾಕಿ ಇಳಿದಳು. ಕ್ಯಾಮೆರಾ ಸಿಕ್ಕಿದ್ದು ಎಂಜಿನ್ ಕೋಣೆಯಲ್ಲಿ. ಹಡಗು ಮುಳುಗುವಾಗ ಮೇಲಧಿಕಾರಿಗಳು ಹೊರಗಿನಿಂದ ಚಿಲಕ ಹಾಕಿ, ನಾವಿಕರನ್ನು ಒಳಗೇ ಬಿಟ್ಟುಹೋದ ಕೋಣೆ ಅದು. ಅಷ್ಟರಲ್ಲಿ ಕೆಸರೆದ್ದಿತು. ಟಾರ್ಚ್ ಇದ್ದೂ ಇಲ್ಲದ ಹಾಗಾಯಿತು. ಬಾಗಿಲು ಎಲ್ಲಿ?... ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಕೆಂಪಿಗೆ ಬಂದಿತ್ತು.

ಠಣ್... ಠಣ್... ಠಣ್.

ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಯಾರೋ ಹುಡುಕಿಕೊಂಡು ಬಂದರು ಎಂದುಕೊಂಡಳು. ಗೋಡೆ ತಡವುತ್ತ ಆ ಸದ್ದಿನ ಹಿಂದೆಯೇ ಹೋದಳು. ಬಾಗಿಲ ಅಂಚು ಕೈಗೆ ಸಿಕ್ಕಿತು.

ಮೇಲೆ ಬಂದಾಗ ದೋಣಿಯ ಎಂಜಿನ್ ಗುಡುಗುಡು ಅನ್ನುತ್ತಿತ್ತು.

“ಕೆಳಗೆ ಬಂದಿದ್ದು ಯಾರಜ್ಜ?”

ದೋಣಿ ನಡೆಸುವ ಅಜ್ಜ ಪಿಸುಗುಟ್ಟಿದ. “ಯಾರೂ ಇಲ್ಲ ಮಗಳೇ... ಇವ್ರು ಹೊರಟೇಬಿಟ್ಟಿದ್ರು. ಹಲಗೆ ಮೇಲೆ ಬಿಲ್ಲೆ ಇತ್ತಲ್ಲ, ನಾನು ಬಿಡಲಿಲ್ಲ.”

ದಡದಲ್ಲಿ ಮುಂದಿನ ತಂಡ ಕಾಯುತ್ತಿದೆಯಂತೆ! ಆ ಯಜಮಾನ ಮಹಾನುಭಾವ ಅವಸರದಲ್ಲಿ ಎಲ್ಲರ ಬಿಲ್ಲೆಯನ್ನೂ ತಾನೇ ಬಾಚಿ ಜೇಬಿಗೆ ಹಾಕಿಕೊಂಡಿದ್ದ. ತಾನೇ ಕಳಿಸಿದವಳನ್ನು ತಾನೇ ಮರೆತಿದ್ದ.

ಅವಳು ಕ್ಯಾಮೆರಾವನ್ನು ಬೀಸಿ ಸಮುದ್ರಕ್ಕೇ ಎಸೆದಳು. ಯಜಮಾನನ ಕೊರಳಪಟ್ಟಿ ಹಿಡಿದಳು. “ಆ ನಾವಿಕರ ಮೇಲೆ ಬಾಗಿಲು ಹಾಕಿದ್ದೂ ನಿನ್ನಂಥವನೇ ಕಣೋ!”

ಅವನು ಜೇಬಿನಿಂದ ಅವಳ ಬಿಲ್ಲೆ ತೆಗೆದು ತೋರಿಸಿದ. “ನಿಂದು ಇಲ್ಲೇ ಇದೆ... ಹಾಗಾದ್ರೆ ಅದು ಯಾರ್ದು?”

ಎಲ್ಲರೂ ಹಲಗೆ ನೋಡಿದರು. ಅವಳ ಮೊಳೆಯಲ್ಲಿ, ಹಳೇ ಕಾಲದ ನಾವಿಕರು ಕೊರಳಿಗೆ ಹಾಕುತ್ತಿದ್ದಂಥ ಹಿತ್ತಾಳೆಯ ಬಿಲ್ಲೆ. ಹಸಿರು ಕಿಲುಬು ಹಿಡಿದದ್ದು. ನೀರು ತೊಟ್ಟಿಕ್ಕುತ್ತಿತ್ತು... ಟಪ್... ಟಪ್.

ಅವತ್ತೇ ಅವಳು ಆ ಕೆಲಸಕ್ಕೆ ಕೈಮುಗಿದಳು. ಬಿಲ್ಲೆ ಈಗ ದೊಡ್ಡಮ್ಮನ ಕಪಾಟಿನಲ್ಲಿದೆ. ಕಟ್ಟುಕತೆ ಅನ್ನುವವರು ಬಂದು ನೋಡಲಿ. ಎಷ್ಟೇ ಒರೆಸಿಟ್ಟರೂ ಬೆಳಗಾಗುವಷ್ಟರಲ್ಲಿ ಅದರಡಿಯ ಕಾಗದ ಒದ್ದೆ. ನಾನೇ ಬೆರಳಿಟ್ಟು ನಾಲಿಗೆಗೆ ತಾಗಿಸಿ ನೋಡಿದ್ದೇನೆ... ಉಪ್ಪು.