ತೆಂಕು ಮೂಲೆಯ ಪೈಪು

೧೯೭೨ರ ಒಂದು ಬೆಳಿಗ್ಗೆ ತಿರುವನಂತಪುರದಲ್ಲಿ, ಕಾರ್ಪೊರೇಷನ್ ಇಂಜಿನಿಯರರ ಕೋಣೆಯೆದುರು ನಲ್ಲಿ ನೀರಿನ ಅರ್ಜಿ ಹಿಡಿದು ಸಾಲಿನ ಮೊದಲಲ್ಲಿ ನಿಂತಿದ್ದ ಬ್ಯಾಂಕ್ ಗುಮಾಸ್ತ ಯಜ್ಞನಾರಾಯಣನಿಗೆ ಬೆನ್ನ ಹಿಂದೆ ತನ್ನ ಊರ ಕಡೆಯ ಕನ್ನಡ ಕೇಳಿಸಿತು. ತಿರುಗಿ ನಗಬೇಕೆಂದುಕೊಂಡ. ಅಷ್ಟರಲ್ಲಿ ಹೆಂಗಸೊಬ್ಬಳು ಗಂಡನನ್ನು ಬೇಡಿಕೊಳ್ಳುವುದು ಕೇಳಿತು.

"ಹಿತ್ತಿಲಿನ ತೆಂಕು ಮೂಲೆ ಅಗೆಯುವುದು ಬೇಡ ಅಂತ ಇಂಜಿನಿಯರರಿಗೆ ಹೇಳಿ."

"ಹರಿಣಾಕ್ಷಿ, ಕಕ್ಕಸಿನ ಪೈಪು ಒಡೆದದ್ದೇ ಅಲ್ಲಿ. ವಾರದೊಳಗೆ ಸರಿ ಮಾಡಿಸದಿದ್ರೆ ಕೇಸು ಅಂತ ಕಾರ್ಪೊರೇಷನ್ ನೋಟೀಸಿನಲ್ಲೇ ಉಂಟು."

"ರಾಕೆಟ್ ಹಾರಿಸುವ ಆಫೀಸಿನವರು ನೀವು. ಒಂದು ಪೈಪನ್ನು ಸುತ್ತು ಹಾಕಿ ತರ್ಲಿಕ್ಕೆ ಆಗುದಿಲ್ವಾ?"

"ಯಾಕೆ ಸುತ್ತು ಅಂತ ಕೇಳಿದ್ರೆ?"

"ಗಿಡ ಉಂಟು ಅನ್ನಿ."

"ಕಿತ್ತು ಬೇರೆ ಕಡೆ ನೆಡಿ ಅಂತಾರೆ ಮಾರಾಯ್ತಿ."

"ಹಾಗಾದ್ರೆ ನಮ್ಮ ಮಗು ಉಂಟು ಅನ್ನಿ. ಅಲ್ಲೇ ಮಣ್ಣು ಮಾಡಿ, ಹತ್ತಿರ ಇರ್ತದೆ ಅಂದದ್ದು ಈ ಊರಿನವರೇ ಆದ ಪಕ್ಕದ ಮನೆ ಚೇಚಿಯೇ ಅಲ್ವಾ? ಇಲ್ಲಿಯವರಿಗೆ ಅರ್ಥ ಆಗ್ತದೆ."

"ಹೆಸರು ಕೇಳಿದ್ರೆ? ನಾವು ಹೆಸರೂ ಇಟ್ಟಿರ್ಲಿಲ್ಲ."

"ಸುಮಿತ್ರ. ನಾನು ಇಟ್ಟಿದ್ದೆ."

"ಆಯ್ತು, ಹೇಳ್ತೇನೆ" ಎಂದ ಗಂಡ.

ಆಮೇಲೆ ಅವನು ಯಜ್ಞನಾರಾಯಣನ ಹೆಗಲು ಮುಟ್ಟಿ, ಹೆಂಡತಿಗೆ ನಿಲ್ಲಲಾಗುತ್ತಿಲ್ಲ, ಮುಂದೆ ಬಿಡುತ್ತೀರಾ ಎಂದು ಮಲಯಾಳದಲ್ಲಿ ಕೇಳಿದ. ಕನ್ನಡ ನಾಲಿಗೆಯ ತುದಿಗೇ ಬಂದಿತ್ತು. ಸರಿಯೋ ತಪ್ಪೋ ತಿಳಿಯದೆ ಯಜ್ಞನಾರಾಯಣ ಅದನ್ನು ನುಂಗಿಕೊಂಡ.

"ಪೊಯ್ಕೋಳೂ", ಹೋಗಿ, ಎಂದು ಮಲಯಾಳದಲ್ಲೇ ಹೇಳಿ ಪಕ್ಕಕ್ಕೆ ಸರಿದ. ತಮ್ಮ ಮಾತು ಇಲ್ಲಿ ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲೇ ಅವರಿಬ್ಬರೂ ಒಳಗೆ ಹೋದರು.